ಸಮ್ಮೇಳನದ ಸ್ಟಾಲ್ ಮಾರುವುದು ಹೇಗೆ: ವೈದ್ಯರ ಸಂಘದ ಟ್ರೇಡ್ ಕಮಿಟಿಗೊಂದು ಕೈಪಿಡಿ

ರಾಜ್ಯಮಟ್ಟದ ಸಮ್ಮೇಳನ ಈ ಸಲ ನಿಮ್ಮೂರಿನ ಶಾಖೆಯ ಪಾಲಿಗೆ ಬಂದಿದೆ ಎಂದುಕೊಳ್ಳಿ. ಸ್ವಾಗತ ಸಮಿತಿ, ಸೈಂಟಿಫಿಕ್ ಕಮಿಟಿ, ಊಟದ ಕಮಿಟಿ ಎಲ್ಲ ಹಂಚಿಕೆಯಾದ ಮೇಲೆ ಕಂಪನಿಗಳಿಗೆ ಸ್ಟಾಲ್ ಮಾರಿ ಪ್ರಾಯೋಜಕರನ್ನು ಹುಡುಕುವ ಟ್ರೇಡ್ ಕಮಿಟಿ ಒಂದು ಉಳಿಯುತ್ತದೆ. ಯಾರೂ ಕೈ ಎತ್ತುವುದಿಲ್ಲ. ಆಗ ಹಿರಿಯರೊಬ್ಬರು, "ಕಂಪನಿಯವರ ಪರಿಚಯ ನಿಮಗೇ ಚೆನ್ನಾಗಿದೆಯಲ್ಲ ಡಾಕ್ಟ್ರೇ, ನೀವೇ ನೋಡ್ಕೊಳ್ಳಿ" ಅಂತಾರೆ. ಅಲ್ಲಿಗೆ ಮುಗಿಯಿತು. ನನ್ನ ತಲೆಗೆ ಎರಡು ಸಲ ಇದು ಬಂದದ್ದು ಹೀಗೆಯೇ. ಮೊದಲ ಸಲ ಮಾಡಿದ ಎಡವಟ್ಟುಗಳೇ ಈ ಬರಹದ ಅರ್ಧ ಬಂಡವಾಳ.

ದಂತವೈದ್ಯರು, ಪಶುವೈದ್ಯರು, ಎಂಜಿನಿಯರುಗಳ ಸಂಘಕ್ಕೂ ಇದರಲ್ಲಿ ಬಹುಪಾಲು ಹೊಂದುತ್ತದೆ. ನನಗೆ ಗೊತ್ತಿರುವುದು ವೈದ್ಯರ ಸಮ್ಮೇಳನ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು: ಮಾರುತ್ತಿರುವುದು ಏನು?

ಮೂರು ಮೀಟರ್ ಉದ್ದ ಮೂರು ಮೀಟರ್ ಅಗಲದ ಜಾಗ ಮಾರುತ್ತಿದ್ದೇವೆ ಅಂತ ನಾನು ಅಂದುಕೊಂಡಿದ್ದೆ. ಜಾಗ ಯಾರಿಗೆ ಬೇಕು? ಔಷಧ ಕಂಪನಿಯವರಾಗಲಿ ಉಪಕರಣದವರಾಗಲಿ ಬರುವುದು ಡಾಕ್ಟರು ಎದುರಿಗೆ ನಿಂತು ಮಾತಾಡುವ ನಾಲ್ಕು ನಿಮಿಷಕ್ಕೆ. ಅದೆಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಎರಡು ದಿನದ ಸಮ್ಮೇಳನ. ದಿನಕ್ಕೆ ಅರ್ಧ ಗಂಟೆಯ ಎರಡು ಟೀ ವಿರಾಮ, ಒಂದು ಗಂಟೆಯ ಊಟ. ಒಟ್ಟು 240 ನಿಮಿಷ. ಎರಡನೇ ದಿನ ಮಧ್ಯಾಹ್ನ ಊಟ ಮುಗಿಸಿ ಅರ್ಧ ಜನ ಕಾರು ಹತ್ತುತ್ತಾರೆ, ಆದ್ದರಿಂದ ಕೊನೆಯ ಟೀ ಲೆಕ್ಕಕ್ಕಿಲ್ಲ: 210. ಊಟದ ಸಾಲು, ಊಟ, ಕೈತೊಳೆಯುವುದು ಅಂತ ದಿನಕ್ಕೆ 40 ನಿಮಿಷ ಕಳೆಯಿರಿ: 130. ನೀವು 40 ಸ್ಟಾಲ್ ಮಾರಿದ್ದರೆ, ಶ್ರದ್ಧೆಯಿಂದ ಎಲ್ಲ ಕಡೆ ಸುತ್ತುವ ಡಾಕ್ಟರೊಬ್ಬರು ಒಂದು ಸ್ಟಾಲಿಗೆ ಕೊಡಬಹುದಾದದ್ದು ಮೂರು ನಿಮಿಷ ಚಿಲ್ಲರೆ. 25 ಮಾರಿದ್ದರೆ ಐದು ನಿಮಿಷದ ಮೇಲೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಅವರ್ (ಉಪನ್ಯಾಸಕ್ಕೆ ಹಾಜರಾದದ್ದಕ್ಕೆ ಸಿಗುವ ಅಂಕ) ಬೇಕಾದವರು ಉಪನ್ಯಾಸದ ಹೊತ್ತಿನಲ್ಲಿ ಹಾಲ್ ಬಿಟ್ಟು ಏಳುವುದಿಲ್ಲ, ಏಳಲೂಬಾರದು. ಹಾಗಾಗಿ ಸ್ಟಾಲಿನ ವ್ಯಾಪಾರವೆಲ್ಲ ವಿರಾಮದಲ್ಲೇ.

ಈ ಲೆಕ್ಕ ಕೈಯಲ್ಲಿದ್ದರೆ ಸೈಂಟಿಫಿಕ್ ಕಮಿಟಿಯ ಜೊತೆ ಮಾತಾಡುವುದು ಸುಲಭ. "ಟೀ ಬ್ರೇಕ್ 15 ನಿಮಿಷ ಸಾಕು, ಇನ್ನೊಂದು ಲೆಕ್ಚರ್ ಹಾಕೋಣ" ಎಂದು ಅವರು ಬಂದೇ ಬರುತ್ತಾರೆ. ಬ್ರೋಷರ್ ಅಚ್ಚಿಗೆ ಹೋಗುವ ಮುನ್ನವೇ ವಿರಾಮದ ಸಮಯವನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ನೀವು ಮಾರಿದ ಸರಕನ್ನು ಇನ್ನೊಂದು ಕಮಿಟಿ ಕದಿಯದಂತೆ ನೋಡಿಕೊಳ್ಳುವುದೂ ನಿಮ್ಮದೇ ಕೆಲಸ.

ಕಾಗದಪತ್ರ, ಕೇಳಲು ಹೋಗುವ ಮುನ್ನ

ಕಂಪನಿ ಒಪ್ಪಿದ ಮರುದಿನವೇ ವೆಂಡರ್ ರಿಜಿಸ್ಟ್ರೇಷನ್ ಫಾರ್ಮ್ ಬರುತ್ತದೆ. ಪ್ಯಾನ್, ಜಿಎಸ್‌ಟಿ ಸಂಖ್ಯೆ, ಸಂಘದ ನೋಂದಣಿ ಪತ್ರ, ಕ್ಯಾನ್ಸಲ್ ಮಾಡಿದ ಚೆಕ್. ಇವೆಲ್ಲ ಒಂದೇ ಹೆಸರಿನಲ್ಲಿರಬೇಕು. ನಮ್ಮಲ್ಲಿ ಆದದ್ದೇನು ಗೊತ್ತೆ? ಬ್ಯಾಂಕ್ ಖಾತೆ ಜಿಲ್ಲಾ ಶಾಖೆಯ ಹೆಸರಲ್ಲಿ, ಪ್ಯಾನ್ ರಾಜ್ಯ ಸಂಘದ್ದು. ಒಂದು ಕಂಪನಿಯ ಕಂಪ್ಯೂಟರ್ ಇದನ್ನು ಮೂರು ಸಲ ತಿರಸ್ಕರಿಸಿತು, ಹಣ ಬಂದಾಗ ಸಮ್ಮೇಳನ ಮುಗಿದು ಎರಡು ತಿಂಗಳಾಗಿತ್ತು. ಯಾರದೋ ವೈಯಕ್ತಿಕ ಖಾತೆಗೆ ಹಾಕಿಸಿಕೊಳ್ಳುವ ಮಾತು ಬಂದರೆ ಕಿವಿಗೇ ಹಾಕಿಕೊಳ್ಳಬೇಡಿ.

ಜಿಎಸ್‌ಟಿ ವಿಷಯದಲ್ಲಿ ಮೊದಲ ಭೇಟಿ ಆಡಿಟರ್ ಹತ್ತಿರ. ಸೇವೆಗಳಿಂದ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. 25 ಸ್ಟಾಲ್ ಮಾರುವ ಸಮ್ಮೇಳನ ಅದನ್ನು ಸಲೀಸಾಗಿ ದಾಟಬಹುದು. ಸ್ಟಾಲಿಗೆ 18% ತೆರಿಗೆ, ಅದನ್ನು ಬಿಲ್ಲಿನಲ್ಲಿ ಹಾಕಿ ವಸೂಲಿ ಮಾಡಿ ಕಟ್ಟುವವರು ನೀವು. ಪ್ರಾಯೋಜಕತ್ವಕ್ಕೂ ದರ 18%, ಆದರೆ ಅದರ ದಾರಿ ಬೇರೆ: ಸೊಸೈಟಿಯಾಗಿ ನೋಂದಾಯಿಸಿದ ಸಂಘ ಒಂದು ಕಂಪನಿಗೆ ಪ್ರಾಯೋಜಕರಾಗುವ ಅವಕಾಶ ಮಾರಿದರೆ ರಿವರ್ಸ್ ಚಾರ್ಜ್, ಅಂದರೆ ತೆರಿಗೆಯನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟುತ್ತದೆ. ನಿಮ್ಮ ಸಂಘವೇ ಸೆಕ್ಷನ್ 8 ಕಂಪನಿ (ಲಾಭದ ಉದ್ದೇಶವಿಲ್ಲದ ಕಂಪನಿ) ಆಗಿದ್ದರೆ 2025ರ ಜನವರಿ 16ರಿಂದ ಆ ಹೊಣೆಯೂ ನಿಮ್ಮದೇ. ಹೆಚ್ಚು ಹಣ ಕೊಡುವವರ ಪ್ಲಾಟಿನಂ ಪ್ಯಾಕೇಜಿನಲ್ಲಿ ಪ್ರಾಯೋಜಕತ್ವವೂ ಇದೆ, ಸ್ಟಾಲೂ ಇದೆ. ಬಿಲ್ ಒಂದೋ ಎರಡೋ? ಇದನ್ನು ಆಡಿಟರ್ ಬಾಯಿಂದಲೇ ಕೇಳಿ, ಇಮೇಲಿನಲ್ಲಿ ಬರೆಸಿಕೊಳ್ಳಿ. ನಮ್ಮ ಸಂಘ ಧರ್ಮಾರ್ಥ ಅಂತ ಆದಾಯ ತೆರಿಗೆ ವಿನಾಯಿತಿ ಪಡೆದಿದ್ದರೆ ಇನ್ನೊಂದು ಪ್ರಶ್ನೆ: ಇಂಥ ವ್ಯಾಪಾರಿ ಸ್ವರೂಪದ ವರಮಾನ ಒಟ್ಟು ಆದಾಯದ 20% ದಾಟಿದರೆ ಆ ವರ್ಷದ ವಿನಾಯಿತಿಗೆ ಕುತ್ತು ಬರಬಹುದು. ಅದನ್ನೂ ಅದೇ ದಿನ ಕೇಳಿಬಿಡಿ.

ಯಾರ ದುಡ್ಡು ಮುಟ್ಟಬಾರದು

ಈ ಭಾಗ ಸ್ವಲ್ಪ ಉದ್ದ, ಯಾಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಸಂಘದ ಮಾನ.

ಮಕ್ಕಳ ಹಾಲಿನ ಪುಡಿ, ಶಿಶು ಆಹಾರದ ಕಂಪನಿ ಬೇಡ. 1992ರ ಶಿಶು ಹಾಲು ಬದಲಿಗಳ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಥ ತಯಾರಕರು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಕ್ಕಾಗಲಿ ಸೆಮಿನಾರು, ಸಮ್ಮೇಳನ, ಫೆಲೋಶಿಪ್ ಯಾವ ಹೆಸರಿನಲ್ಲೂ ಹಣ ಕೊಡುವಂತಿಲ್ಲ. ಮಕ್ಕಳ ವೈದ್ಯರಿಗೆ ಇದು ಬಾಯಿಪಾಠ. ಜನರಲ್ ಪ್ರಾಕ್ಟೀಷನರುಗಳ ಸಮ್ಮೇಳನದಲ್ಲಿ ಮಾತ್ರ "ಬರೀ ಕಿಟ್ ಬ್ಯಾಗ್ ಅಲ್ವಾ" ಎಂಬ ಮಾತು ಈಗಲೂ ಕೇಳುತ್ತದೆ. ಕಿಟ್ ಬ್ಯಾಗೂ ಬೇಡ. ತಂಬಾಕಿನ ಮಾತು ಹೇಳಬೇಕಾಗಿಯೇ ಇಲ್ಲ.

ಔಷಧ ಕಂಪನಿಗಳು ಬರಬಹುದು, ಆದರೆ 2024ರ ಮಾರ್ಚಿನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಯುಸಿಪಿಎಂಪಿ ಸಂಹಿತೆಯೊಳಗೆ, ಅಂದರೆ ಔಷಧ ಪ್ರಚಾರದ ನೀತಿಯೊಳಗೆ. ವೃತ್ತಿ ಸಂಘಗಳು ನಡೆಸುವ ಸಿಎಂಇಗೆ (ವೈದ್ಯರ ಮುಂದುವರಿದ ಶಿಕ್ಷಣಕ್ಕೆ) ಕಂಪನಿ ನೆರವಾಗಲು ಅದರಲ್ಲಿ ಅವಕಾಶವಿದೆ. ಡಾಕ್ಟರಿಗೆ ಉಡುಗೊರೆ, ನಗದು, ಪ್ರಯಾಣದ ಟಿಕೆಟ್, ಹೋಟೆಲ್ ವಾಸ್ತವ್ಯ ಇಲ್ಲ. ಉಪನ್ಯಾಸಕರಾಗಿ ಬಂದವರ ಪ್ರಯಾಣ, ವಾಸ್ತವ್ಯಕ್ಕೆ ಮಾತ್ರ ಬೇರೆ ನಿಯಮ. ಕಂಪನಿ ತನ್ನ ಖರ್ಚಿನ ವಿವರ ಬಹಿರಂಗಪಡಿಸಬೇಕು, ಆಡಿಟ್ ಆಗಬಹುದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಉಪಕರಣದವರಿಗೂ ಇಂಥದೇ ಸಂಹಿತೆ ಬಂತು. ಅದಕ್ಕೂ ಮೊದಲು, 2022ರ ಫೆಬ್ರವರಿಯಲ್ಲಿ, ಡಾಕ್ಟರಿಗೆ ಕೊಟ್ಟ ಉಡುಗೊರೆಗಳ ಖರ್ಚನ್ನು ಕಂಪನಿ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಹೇಳಿತ್ತು. ಇದರ ನೇರ ಪರಿಣಾಮ ನಿಮ್ಮ ಬ್ರೋಷರಿನ ಮೇಲೆ: ಹಳೆಯ ಬ್ರೋಷರನ್ನು ನಕಲು ಮಾಡಿ "ಗಾಲಾ ಡಿನ್ನರ್ ಪ್ರಾಯೋಜಕರು", "ಮನರಂಜನಾ ಸಂಜೆಯ ಪ್ರಾಯೋಜಕರು" ಎಂದು ಬರೆದರೆ ದೊಡ್ಡ ಕಂಪನಿಯ ಅನುಮೋದನೆಯ ಮೇಜಿನಲ್ಲೇ ಅದು ಬಿದ್ದುಹೋಗುತ್ತದೆ. ಊಟದ ಖರ್ಚನ್ನು ಡೆಲಿಗೇಟ್ (ಸಮ್ಮೇಳನಕ್ಕೆ ನೋಂದಾಯಿಸಿ ಬರುವವರ) ಶುಲ್ಕದಲ್ಲಿ ಹಿಡಿಯಿರಿ. ಕಂಪನಿಗೆ ಮಾರಲು ಸ್ಟಾಲ್, ಸಭಾಂಗಣದ ಬ್ರ್ಯಾಂಡಿಂಗ್, ಕಾರ್ಯಾಗಾರ, ಪೋಸ್ಟರ್ ವಿಭಾಗ ಇಂಥವು ಸಾಕಷ್ಟಿವೆ.

ಅಲ್ಟ್ರಾಸೌಂಡ್ ಯಂತ್ರ ತಂದು ತೋರಿಸುತ್ತೇವೆ ಎನ್ನುವವರಿಗೆ ಒಂದೇ ಷರತ್ತು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ತೋರಿಸದ ಹೊರತು ಯಂತ್ರ ಗೇಟಿನ ಒಳಗೆ ಬರಬಾರದು. ಅನುಮತಿ ತರಲು ಸಮಯ ಹಿಡಿಯುತ್ತದೆ, ಬುಕಿಂಗ್ ದಿನವೇ ಹೇಳಿ.

ಇನ್ನು ಸಂಘದ ಮುದ್ರೆ. ಸಮ್ಮೇಳನಕ್ಕೆ ಹಣ ಪಡೆಯುವುದು ಬೇರೆ, ಕಂಪನಿಯ ಪೊಟ್ಟಣದ ಮೇಲೆ ನಮ್ಮ ಲೋಗೊ ಹಾಕಲು ಬಿಡುವುದು ಬೇರೆ. 2008ರಲ್ಲಿ ಭಾರತೀಯ ವೈದ್ಯಕೀಯ ಸಂಘ ಹಣ್ಣಿನ ರಸ ಮತ್ತು ಓಟ್ಸ್ ಪೊಟ್ಟಣಗಳಿಗೆ ತನ್ನ ಲೋಗೊ ಕೊಟ್ಟದ್ದು ಕೊನೆಗೆ ವೈದ್ಯಕೀಯ ಮಂಡಳಿಯ ಮುಂದೆ ದೂರಾಗಿ ನಿಂತಿತು. ಒಪ್ಪಂದದಲ್ಲಿ ಒಂದು ಸಾಲು ಸಾಕು: ಸಂಘದ ಹೆಸರನ್ನಾಗಲಿ ಮುದ್ರೆಯನ್ನಾಗಲಿ ಕಂಪನಿ ತನ್ನ ಉತ್ಪನ್ನದ ಪ್ರಚಾರಕ್ಕೆ ಬಳಸುವಂತಿಲ್ಲ.

ಟೇಪ್ ಹಿಡಿದು ಹಾಲ್ ಅಳೆಯಿರಿ

ಜಿಲ್ಲಾ ಕೇಂದ್ರಗಳಲ್ಲಿ ಬೆಂಗಳೂರಿನಂಥ ಪ್ರದರ್ಶನ ಕೇಂದ್ರ ಎಲ್ಲಿದೆ? ನಮಗೆ ಸಿಗುವುದು ಕಲ್ಯಾಣ ಮಂಟಪ. ಮೇಲಿನ ಹಾಲಿನಲ್ಲಿ ಉಪನ್ಯಾಸ, ಕೆಳಗಿನ ಊಟದ ಹಾಲಿನಲ್ಲಿ ಸ್ಟಾಲ್. ನೂರು ಅಡಿ ಉದ್ದ, ಅರವತ್ತು ಅಡಿ ಅಗಲ ಇದ್ದರೆ 6,000 ಚದರಡಿ. ಒಂದು ಸ್ಟಾಲಿಗೆ ಸುಮಾರು 100 ಚದರಡಿ. ಹಾಗಾದರೆ ಅರವತ್ತು ಸ್ಟಾಲ್ ಹಿಡಿಸುತ್ತವೆ ಅಂತ ಮ್ಯಾನೇಜರ್ ಹೇಳಬಹುದು. ಹತ್ತಡಿ ಅಗಲದ ಓಡಾಟದ ದಾರಿ, ಕಾಫಿ ಕೌಂಟರ್, ತುರ್ತು ಬಾಗಿಲ ಮುಂದಿನ ಜಾಗ ಬಿಟ್ಟರೆ 25 ಕೂತರೆ ಹೆಚ್ಚು.

ಮೊದಲ ಸಲ ನಾನು ಮಂಟಪದವರು ಕೊಟ್ಟ ನಕ್ಷೆಯನ್ನೇ ನಂಬಿ 14ನೇ ನಂಬರಿನ ಸ್ಟಾಲ್ ಮಾರಿದೆ. ನಕ್ಷೆಯಲ್ಲಿ ಕಂಬ ಇರಲಿಲ್ಲ. ಹಿಂದಿನ ರಾತ್ರಿ ಸ್ಟಾಲ್ ಕಟ್ಟುವವರು ಫೋನ್ ಮಾಡಿದರು: "ಸರ್, ಹದಿನಾಲ್ಕರ ಮುಂದೆ ಎರಡು ಅಡಿಗೆ ಕಂಬ ಐತಿ, ಬೋರ್ಡ್ ಕಾಣಂಗಿಲ್ಲ." ಆ ಕಂಪನಿಗೆ ಅರ್ಧ ಹಣ ವಾಪಸ್ ಕೊಟ್ಟೆವು. ಕಂಬದಷ್ಟೇ ಮುಖ್ಯವಾದದ್ದು ಕರೆಂಟು. ಪ್ರತಿ ಸ್ಟಾಲಿಗೆ ಒಂದು ಮೇಜು, ಎರಡು ಕುರ್ಚಿ, ಎರಡು ಸ್ಪಾಟ್‌ಲೈಟು, ಒಂದು 5 ಆಂಪ್ ಪಾಯಿಂಟ್ ಎಂದು ಬರೆಯಿರಿ. ಉಪಕರಣದವರಿಗೆ 15 ಆಂಪ್ ಬೇಕಾದರೆ ಮೊದಲೇ ತಿಳಿಸಲಿ. ಜನರೇಟರಿನ ಲೋಡಿಗೆ ಅದನ್ನೂ ಸೇರಿಸಬೇಕು.

ಕಾಫಿ ಕೌಂಟರನ್ನು ಸ್ಟಾಲ್ ಹಾಲಿನ ತೀರಾ ಕೊನೆಯ ಗೋಡೆಗೆ ಇಡಿ. ಕಾಫಿಗೆ ಹೋಗುವಾಗಲೂ ಬರುವಾಗಲೂ ಎಲ್ಲ ಸ್ಟಾಲ್ ದಾಟಲೇಬೇಕು. ನಾವು ಮೊದಲ ಸಲ "ಗಾಳಿ ಚೆನ್ನಾಗಿದೆ" ಅಂತ ಹೊರಗೆ ಹುಲ್ಲಿನ ಮೇಲೆ ಇಟ್ಟಿದ್ದೆವು. ನಾನ್ನೂರು ಡಾಕ್ಟರು ಹೊರಗೆ ಬೋಂಡ ತಿನ್ನುತ್ತ ನಿಂತಿದ್ದರೆ, ಒಳಗೆ ಇಪ್ಪತ್ತು ಚಿಲ್ಲರೆ ಸ್ಟಾಲಿನವರು ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ಆ ನೋಟ ಇನ್ನೂ ಮರೆತಿಲ್ಲ.

ಬೆಲೆ ಮತ್ತು ಹಂಚಿಕೆ

ಕಳೆದ ವರ್ಷ ಸಮ್ಮೇಳನ ಮಾಡಿದ ಊರಿನವರಿಂದ ನಿಜವಾಗಿ ಬಂದ ಹಣದ ಪಟ್ಟಿ ಕೇಳಿ, ಬ್ರೋಷರಿನ ದರ ನೋಡಬೇಡಿ. ಮೂಲೆಯ, ಎರಡು ಕಡೆ ತೆರೆದ ಸ್ಟಾಲಿಗೆ ಹತ್ತು ಹದಿನೈದು ಪರ್ಸೆಂಟ್ ಹೆಚ್ಚು ಇಡಬಹುದು. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಮೂರೇ ಮೆಟ್ಟಿಲು ಸಾಕು. ಡೈಮಂಡ್, ಟೈಟಾನಿಯಂ ಅಂತ ಏಳು ಮೆಟ್ಟಿಲು ಮಾಡಿದರೆ ಓದುವವರಿಗೂ ಗೊಂದಲ, ನಮಗೂ ಗೊಂದಲ. ಒಬ್ಬರಿಗೇ ಅಂತ ಮಾರಿದ್ದು ಒಬ್ಬರಿಗೇ ಇರಲಿ: ಬ್ಯಾಡ್ಜಿನ ದಾರ, ನೀರಿನ ಬಾಟಲ್, ನೋಂದಣಿ ಕೌಂಟರ್.

ಸ್ಟಾಲ್ ಆಯ್ಕೆ ಹಣ ಬಂದ ಕ್ರಮದಲ್ಲಿ. ಫೋನ್ ಬಂದ ಕ್ರಮದಲ್ಲಲ್ಲ, ಪರಿಚಯದ ಕ್ರಮದಲ್ಲಂತೂ ಅಲ್ಲವೇ ಅಲ್ಲ. ಅಧ್ಯಕ್ಷರ ಕಡೆಯಿಂದ "ನಮ್ಮವರಿಗೆ ಒಂದನೇ ನಂಬರ್ ಇಟ್ಟಿರಿ" ಎಂಬ ಕರೆ ಬಂದೇ ಬರುತ್ತದೆ. ನಿಯಮ ಬ್ರೋಷರಿನಲ್ಲೇ ಅಚ್ಚಾಗಿದ್ದರೆ ನೀವು ಅದನ್ನೇ ತೋರಿಸಬಹುದು. ಒಂದೇ ಔಷಧದ ಇಬ್ಬರು ಎದುರಾಳಿಗಳನ್ನು ಪಕ್ಕಪಕ್ಕ ಕೂರಿಸಬೇಡಿ.

ಯಾರನ್ನು, ಯಾವಾಗ, ಹೇಗೆ ಕೇಳಬೇಕು

ದಿನಾ ಕ್ಲಿನಿಕ್ಕಿಗೆ ಬರುವ ಎಂಆರ್ (ಔಷಧ ಕಂಪನಿಯ ಪ್ರತಿನಿಧಿ) ಕೈಗೆ ಬ್ರೋಷರ್ ಕೊಟ್ಟು ಕಾಯುತ್ತ ಕೂರುವುದು ನಮ್ಮ ಸಾಮಾನ್ಯ ಪದ್ಧತಿ. ಪಾಪ, ಅವರ ಕೈಯಲ್ಲಿ ಏನೂ ಇರುವುದಿಲ್ಲ. ಸಣ್ಣ ಮೊತ್ತ ಏರಿಯಾ ಅಥವಾ ರೀಜನಲ್ ಮ್ಯಾನೇಜರ್ ಹಂತದಲ್ಲಿ ಮುಗಿಯಬಹುದು, ದೊಡ್ಡದಕ್ಕೆ ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಇರುವ ಹೆಡ್ ಆಫೀಸ್ ಒಪ್ಪಬೇಕು. ಬಹುರಾಷ್ಟ್ರೀಯ ಕಂಪನಿಗಳಲ್ಲಿ ಎರಡು ಮೂರು ತಿಂಗಳು ಮೊದಲೇ ಅರ್ಜಿ ಹೋಗಬೇಕು. ಡಿಸೆಂಬರಿನ ಸಮ್ಮೇಳನಕ್ಕೆ ನಾನು ಎರಡನೇ ಸಲ ಏಪ್ರಿಲ್‌ನಲ್ಲೇ ಹೊರಟೆ. ಹೊಸ ವರ್ಷದ ಬಜೆಟ್ ಆಗಷ್ಟೇ ತೆರೆದಿರುತ್ತದೆ.

ಎಂಆರ್ ಒಬ್ಬರ ಜೊತೆ ಮಾತು ಹೀಗೆ ನಡೆಯಿತು. "ಸರ್, ಮೇಲೆ ಕಳಿಸಿದೀನಿ, ಇನ್ನೂ ಬಂದಿಲ್ಲ."

"ಯಾರ ಹತ್ತಿರ ನಿಂತಿದೆ, ಹೆಸರು ಹೇಳಪ್ಪ."

"ರೀಜನಲ್ ಸರ್ ಹತ್ರ. ಡೆಲಿಗೇಟ್ ಎಷ್ಟು ಅಂತ ಕೇಳ್ತಿದಾರೆ. ಬ್ರೋಷರಲ್ಲಿ ಸಾವಿರ ಅಂತ ಇದೆ, ಹೋದ ವರ್ಷ ಅಷ್ಟು ಬಂದಿರ್ಲಿಲ್ಲ ಅಂತಾರೆ."

ಅವರು ಹೇಳಿದ್ದು ನಿಜ. ನಾವು 1,000 ಎಂದು ಅಚ್ಚು ಹಾಕಿಸಿದ್ದೆವು, ನಿರೀಕ್ಷೆ ಇದ್ದದ್ದು ನಾನ್ನೂರು. ಅಂದೇ ಹೊಸ ಪುಟ ಮಾಡಿಸಿದೆ: ಕಳೆದ ಮೂರು ಸಮ್ಮೇಳನಗಳ ನೋಂದಣಿ ಸಂಖ್ಯೆ, ಯಾವ ವಿಭಾಗದ ತಜ್ಞರು ಎಷ್ಟು, ಪಿಜಿ ವಿದ್ಯಾರ್ಥಿಗಳು ಎಷ್ಟು, ವಿರಾಮದ ಸಮಯ ಎಷ್ಟು. ಅದನ್ನು ಕಳಿಸಿದ ವಾರದಲ್ಲಿ ಒಪ್ಪಿಗೆ ಬಂತು. ಅಂದಿನಿಂದ ಪತ್ರದ ಮೊದಲ ಪ್ಯಾರಾದಲ್ಲಿ ಸಂಘದ ಇತಿಹಾಸ ಬರೆಯುವುದನ್ನು ಬಿಟ್ಟಿದ್ದೇನೆ.

ಒಂದು ಮಾತನ್ನಂತೂ ಬಾಯಿತಪ್ಪಿಯೂ ಆಡಬೇಡಿ: "ನಿಮ್ಮ ಮಾತ್ರೆ ನಾವು ಬರೀತೀವಲ್ಲ." ಅದು ಬೆದರಿಕೆ, ರೋಗಿಯ ಚೀಟಿಯನ್ನು ಅಡವಿಟ್ಟ ಹಾಗೆ. ಕಮಿಟಿಯ ಸದಸ್ಯರೊಬ್ಬರು ಹಾಗೆ ಕೇಳಿ ಹಣ ತಂದರೆ ಅದನ್ನು ವಾಪಸ್ ಕಳಿಸುವ ಧೈರ್ಯ ಬೇಕು.

ಔಷಧ ಕಂಪನಿ ಬಿಟ್ಟೂ ಲೋಕವಿದೆ. ಕ್ಲಿನಿಕ್ ಸಾಲ ಕೊಡುವ ಬ್ಯಾಂಕು, ವೃತ್ತಿ ವಿಮೆಯವರು, ಆಸ್ಪತ್ರೆಯ ಮಂಚ ಮತ್ತು ಆಟೊಕ್ಲೇವ್ ಮಾರುವವರು, ಸಾಫ್ಟ್‌ವೇರಿನವರು, ಸೋಲಾರ್, ಕಾರಿನ ಡೀಲರು, ಊರಿನ ಚಿನ್ನದಂಗಡಿ. ಇವರಲ್ಲಿ ಊರಿನವರಾದರೆ ತೀರ್ಮಾನ ಒಂದು ಕಾಫಿ ಮುಗಿಯುವಷ್ಟರಲ್ಲಿ ಆಗುತ್ತದೆ, ಚೆಕ್ ಅಲ್ಲೇ ಬರೆಯುತ್ತಾರೆ. ಕಾರಿನವರಿಗೆ ಮಂಟಪದ ಬಾಗಿಲ ಮುಂದೆ ಎರಡು ಕಾರು ನಿಲ್ಲಿಸಲು ಜಾಗ ಕೊಟ್ಟೆವು. ಒಳಗಿನ ಸ್ಟಾಲಿಗಿಂತ ಅಲ್ಲೇ ಜನ ಜಾಸ್ತಿ.

ಸ್ಮರಣ ಸಂಚಿಕೆ

ಇದರ ಕಾಲ ಮುಗಿಯುತ್ತ ಬಂದಿದೆ ಎಂಬುದು ನನ್ನ ಅಭಿಪ್ರಾಯ, ಆದರೂ ಊರಿನ ಲ್ಯಾಬು, ಮೆಡಿಕಲ್ ಶಾಪು, ಹೋಟೆಲಿನವರಿಗೆ ಅರ್ಧ ಪುಟ ಕೊಡುವುದು ಇಷ್ಟ. ಹಿಂಬದಿಯ ರಕ್ಷಾಪುಟ, ಒಳ ರಕ್ಷಾಪುಟ, ನಡುವಿನ ಜೋಡಿಪುಟ ಮೊದಲು ಮಾರಿ. ಜಾಹೀರಾತಿನ ಕಡತ ಪಿಡಿಎಫ್ ಆಗಿರಲಿ, 300 ಡಿಪಿಐ, ಸುತ್ತ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸಲು ಬಿಡುವ ಹೆಚ್ಚುವರಿ ಜಾಗ). ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದದ್ದು ಅಚ್ಚಿನಲ್ಲಿ ಮಂಜು ಮಂಜಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮುದ್ರಣ ಮಾಧ್ಯಮದ ಜಾಹೀರಾತಿಗೆ ಜಿಎಸ್‌ಟಿ 5%. ನಿಮ್ಮ ಸಂಚಿಕೆ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದು ಮತ್ತೆ ಆಡಿಟರಿಗೆ.

ಹಣ ಕೈಗೆ ಬರುವವರೆಗೆ

"ಓಕೆ ಸರ್" ಅಂದದ್ದು ಬುಕಿಂಗ್ ಅಲ್ಲ. ಪಿಓ (ಕಂಪನಿಯ ಲಿಖಿತ ಖರೀದಿ ಆದೇಶ) ಬಂದರೆ ಅರ್ಧ ಬುಕಿಂಗ್. ಬ್ಯಾಂಕಿಗೆ ಹಣ ಬಂದರೆ ಬುಕಿಂಗ್.

60,000 ರೂಪಾಯಿಯ ಸ್ಟಾಲ್ ಎಂದಿಟ್ಟುಕೊಳ್ಳಿ. 18% ಸೇರಿದರೆ ಬಿಲ್ 70,800. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿದ್ದರೆ ಟಿಡಿಎಸ್ (ಕಂಪನಿ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವುದು 60,000ದ ಮೇಲೆ. ಗುತ್ತಿಗೆ ಲೆಕ್ಕದಲ್ಲಿ 2% ಆದರೆ 1,200 ಹೋಗಿ 69,600 ಬರುತ್ತದೆ. ಕೆಲವರು ಇದನ್ನು ಬಾಡಿಗೆ ಎಂದು ಎಣಿಸಿ 10% ಹಿಡಿಯುತ್ತಾರೆ, ಆಗ 64,800. ಖಜಾಂಚಿಗೆ ಇದು ಗೊತ್ತಿಲ್ಲದಿದ್ದರೆ "ಆರು ಸಾವಿರ ಕಡಿಮೆ ಕಳಿಸಿದ್ದಾರೆ" ಅಂತ ಕಂಪನಿಯ ಜೊತೆ ಜಗಳಕ್ಕೆ ಹೋಗುತ್ತಾರೆ. ಹಿಡಿದ ಹಣ ಸಂಘದ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸಿಕೊಂಡಿದೆಯೇ ಎಂದು ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಒಪ್ಪಂದದಲ್ಲಿ ರದ್ದತಿಯ ಷರತ್ತು ಇರಲಿ: ಅವರು ಹಿಂದೆ ಸರಿದರೆ ಎಷ್ಟು ವಾಪಸ್, ನಾವು ಮುಂದೂಡಿದರೆ ಏನು. 2020ರ ಮಾರ್ಚಿನ ನಂತರ ಇದನ್ನು ಬರೆಯದೆ ಬಿಟ್ಟ ಸಂಘಗಳು ಎಷ್ಟು ಒದ್ದಾಡಿದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಆ ಎರಡು ದಿನ

ಸ್ಟಾಲಿನವರಿಗೆ ಹಿಂದಿನ ಸಂಜೆ ಹಾಲ್ ಬಿಟ್ಟುಕೊಡಿ, ಬೆಳಿಗ್ಗೆ ಅಲ್ಲ. ಅವರಿಗೂ ಊಟದ ಕೂಪನ್ ಕೊಡಿ. ಇಬ್ಬರ ಬ್ಯಾಡ್ಜ್ ಎಂದಿದ್ದರೆ ಮೂರನೆಯವರಿಗೆ ಎಷ್ಟು ಎಂದು ಮೊದಲೇ ಹೇಳಿ. ಟ್ರೇಡ್ ಕಮಿಟಿಯ ಒಬ್ಬರು ಪ್ರತಿ ವಿರಾಮದಲ್ಲೂ ಹಾಲಿನಲ್ಲೇ ಇರಬೇಕು. ಫ್ಯಾನ್ ತಿರುಗುತ್ತಿಲ್ಲ, ಬೋರ್ಡಿನಲ್ಲಿ ಹೆಸರು ತಪ್ಪಾಗಿದೆ ಎಂಬಂಥ ದೂರು ಹತ್ತು ನಿಮಿಷದಲ್ಲಿ ಸರಿಯಾದರೆ ಅವರು ಮುಂದಿನ ವರ್ಷವೂ ಬರುತ್ತಾರೆ.

ಡೆಲಿಗೇಟುಗಳನ್ನು ಸ್ಟಾಲಿಗೆ ಎಳೆಯಲು ಸ್ಟ್ಯಾಂಪ್ ಕಾರ್ಡ್ ಮಾಡಿದ್ದೆವು: ಇಪ್ಪತ್ತು ಸ್ಟಾಲಿನ ಮುದ್ರೆ ಬಿದ್ದರೆ ಪಠ್ಯಪುಸ್ತಕವೊಂದು, ಸಂಘದ ಖರ್ಚಿನಲ್ಲಿ. ಒಬ್ಬ ಹಿರಿಯ ಸರ್ಜನ್ ತಮ್ಮ ಡ್ರೈವರ್ ಕೈಯಲ್ಲಿ ಕಾರ್ಡ್ ಕೊಟ್ಟು ಕಳಿಸಿದ್ದರು. ಆತ ಎಲ್ಲ ಸ್ಟಾಲಿನ ಕೈಪಿಡಿಗಳನ್ನೂ ಶ್ರದ್ಧೆಯಿಂದ ಚೀಲಕ್ಕೆ ತುಂಬಿಕೊಂಡು ಹೋದ. ಮುಂದಿನ ಸಲ ಬ್ಯಾಡ್ಜ್ ಮೇಲೆ ಕ್ಯೂಆರ್ ಹಾಕಿಸಿದೆವು, ಡಾಕ್ಟರು ತಾವೇ ಒಪ್ಪಿ ಸ್ಕ್ಯಾನ್ ಮಾಡಿಸಿದರೆ ಮಾತ್ರ ವಿವರ ಸ್ಟಾಲಿಗೆ ಹೋಗುತ್ತದೆ. ಸದಸ್ಯರ ಫೋನ್ ನಂಬರುಗಳ ಪಟ್ಟಿಯನ್ನು ಇಡಿಯಾಗಿ ಯಾವ ಪ್ರಾಯೋಜಕರಿಗೂ ಕೊಡಬೇಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರ ಕಾಯ್ದೆಯೇ ಇದೆ.

ಮುಗಿದ ಮೇಲೆ ಹದಿನೈದು ದಿನ

ಪ್ರತಿ ಪ್ರಾಯೋಜಕರಿಗೆ ಅವರ ಸ್ಟಾಲಿನ, ಅವರ ಬ್ಯಾನರಿನ ಫೋಟೊ, ತಜ್ಞತೆವಾರು ಹಾಜರಾತಿ, ಸ್ಮರಣ ಸಂಚಿಕೆಯ ಒಂದು ಪ್ರತಿ, ಅಂತಿಮ ಬಿಲ್ ಕಳಿಸಿ. ಕಂಪನಿಯ ಒಳಗೆ ಈ ಖರ್ಚನ್ನು ಸಮರ್ಥಿಸಿಕೊಳ್ಳಬೇಕಾದ ಮ್ಯಾನೇಜರಿಗೆ ಈ ಕಾಗದಗಳೇ ಆಧಾರ. ಬಾಕಿ ಇರುವವರಿಗೆ ವಾರಕ್ಕೊಂದು ಇಮೇಲ್, ಸಿಟ್ಟಿಲ್ಲದೆ.

ಆಮೇಲೆ ಮುಂದಿನ ಊರಿನ ಕಮಿಟಿಗೆ ಒಂದು ಎಕ್ಸೆಲ್ ಶೀಟ್ ಕೊಡಿ. ಕಂಪನಿಯ ಹೆಸರು, ಒಪ್ಪಿಗೆ ಕೊಟ್ಟ ಹುದ್ದೆ, ಕೇಳಿದ ದಿನ, ಪಿಓ ಬಂದ ದಿನ, ಹಣ ಬಂದ ದಿನ, ಮೊತ್ತ, ಟಿಡಿಎಸ್. ಕೊನೆಯ ಕಾಲಂನಲ್ಲಿ ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ: "ಬಾಗಿಲ ಹತ್ತಿರವೇ ಬೇಕು ಅಂತಾರೆ." "15 ಆಂಪ್ ಕೇಳಲು ಮರೆಯುತ್ತಾರೆ, ನೀವೇ ಕೇಳಿ." "ತಡ ಮಾಡ್ತಾರೆ, ಆದರೆ ಕೊಡ್ತಾರೆ."